ಒಂದೂವರೆ ಗಂಟೆ ಬಸ್ಸಿನ ದಾರಿಯಾದರೂ ಹೋಗಿ

ಎರಡು ವರ್ಷದಿಂದ ವಿಡಿಯೋ ನೋಡಿ ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದೀರಿ, ಈಗ ಯಮನ್ ರಾಗದಲ್ಲೇ ನಿಂತುಬಿಟ್ಟಿದ್ದೀರಿ. ಗುರುಗಳ ಮನೆಗೆ ಒಂದೂವರೆ ಗಂಟೆ ಬಸ್ಸು, ಅಷ್ಟು ದೂರ ಹೋಗಬೇಕಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ.

ನಾನೂ ಮೊದಲು ಒಬ್ಬನೇ ಹಾಡಿಕೊಂಡಿದ್ದೆ. ನನ್ನ ತೀವ್ರ ಮಧ್ಯಮ, ಅಂದರೆ ಯಮನ್‌ನಲ್ಲಿ ಬರುವ ಏರಿಸಿದ 'ಮ' ಸ್ವರ, ಪ್ರತಿ ಸಲ ಸ್ವಲ್ಪ ಕೆಳಗೆ ಜಾರುತ್ತಿತ್ತು. ಹಾರ್ಮೋನಿಯಂ ಸದ್ದಿನಲ್ಲಿ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಗುರುಗಳು ಮೊದಲನೇ ದಿನವೇ ಹಾರ್ಮೋನಿಯಂ ಪಕ್ಕಕ್ಕೆ ಸರಿಸಿ, ಬರೀ ತಂಬೂರಿ ಜೊತೆ ಹಾಡಿಸಿದರು. ಎರಡು ನಿಮಿಷ ಕೇಳಿ, "ಆ ಸ್ವರ ಬರೋ ಮುಂಚೆಯೇ ದವಡೆ ಬಿಗಿ ಹಿಡೀತೀಯಲ್ಲಪ್ಪಾ" ಅಂದರು. ತೊಂದರೆ ಇದ್ದದ್ದೇ ಅಲ್ಲಿ! ಆಮೇಲೆ ಮೂರು ವಾರ ಬರೀ ಷಡ್ಜ, ಅಂದರೆ 'ಸ' ಸ್ವರ ಒಂದೇ. ಬೇಜಾರಾಯಿತು, ನಿಜ. ಆದರೆ ವಿಡಿಯೋವನ್ನು ನಾವು ನೋಡುತ್ತೇವೆ, ಅದು ನಮ್ಮನ್ನು ನೋಡುವುದಿಲ್ಲ ಅಲ್ವಾ?

ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಸವಾಯಿ ಗಂಧರ್ವರು ಒಂದು ಸಣ್ಣ ಸ್ವರಗುಚ್ಛ ಕೊಟ್ಟು, ಅದನ್ನೇ ಮತ್ತೆ ಮತ್ತೆ ಹಾಡಿಸುತ್ತಿದ್ದರಂತೆ. ಭೀಮಸೇನ ಜೋಶಿ ಅವರೂ ಅದೇ ಗುರುವಿನ ಶಿಷ್ಯರು.

ಆದರೆ ಸುಮ್ನೆ ಹೊಗಳಿ, ವಾರಕ್ಕೊಂದು ಹೊಸ ರಾಗ ಕೊಡುವವರು ಸಿಕ್ಕರೆ ಬೇರೆಯವರನ್ನು ಹುಡುಕಿ. ಮೊದಲ ದಿನ ಚೆನ್ನಾಗಿ ಬರುವುದನ್ನು ಹಾಡಬೇಡಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅದನ್ನೇ ಹಾಡಿ ತೋರಿಸಿ.