ಸಿಗ್ಮಾ ಕಂಡರೆ ಪೆನ್ನು ನಿಲ್ಲುತ್ತಿತ್ತು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸಲಹೆ ಕೇಳಿ ನನ್ನ ಬಳಿ ಬಂದ ವಿದ್ಯಾರ್ಥಿನಿಯೊಬ್ಬಳ ಕಥೆ ಇದು. ಬರೆಯಲು ಅವಳ ಒಪ್ಪಿಗೆ ಇದೆ.)

ಎಂ.ಎ. ಅರ್ಥಶಾಸ್ತ್ರ, ಮೊದಲ ವರ್ಷ. ಪಿಯುಸಿಯಲ್ಲಿ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ), ಬಿ.ಎ. ಕನ್ನಡ ಮಾಧ್ಯಮ. ಗಣಿತ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಇಕನಾಮೆಟ್ರಿಕ್ಸ್ (ಅಂಕಿ-ಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ಕ್ಲಾಸ್ ಇದ್ದ ದಿನ ಅವಳಿಗೆ ಹೊಟ್ಟೆನೋವು. "ಬೋರ್ಡ್ ಮೇಲಿರೋದನ್ನ ಹಾಗೇ ಬರ್ಕೊಳ್ತೀನಿ ಮೇಡಂ. ಒಂದೂ ತಲೆಗೆ ಹೋಗಲ್ಲ. ಕೋರ್ಸ್ ಬಿಡ್ತೀನಿ" ಎಂದಳು.

ನಾನೂ ಓದಿದ್ದು ಅರ್ಥಶಾಸ್ತ್ರವೇ. ನೋಟ್ಸ್ ತೆರೆಸಿದೆ. ಕೂಡೋದು, ಭಾಗಿಸೋದು ಅವಳಿಗೆ ಸಲೀಸು. ಮನೆಯ ಡೇರಿ ಲೆಕ್ಕ ಬರೆಯುವವಳೇ ಅವಳು. ಸಿಗ್ಮಾ (Σ, ಎಲ್ಲವನ್ನೂ ಕೂಡು ಎನ್ನುವ ಚಿಹ್ನೆ) ಬಂದ ಕಡೆ ಮಾತ್ರ ಪೆನ್ನು ನಿಲ್ಲುತ್ತಿತ್ತು. ನಮ್ಮ ಕ್ಲಾಸುಗಳಲ್ಲಿ ಉದಾಹರಣೆಗಿಂತ ಮೊದಲು ಸೂತ್ರ ಬರುತ್ತದೆ. ಇದು ನನಗೆ ತುಂಬಾ ಬೇಸರದ ವಿಷಯ.

ಹಾಳೆ ಕೊಟ್ಟು ಐದು ಹಸು ಬರೆಸಿದೆ. ದಿನದ ಹಿಂಡಿ 1, 2, 3, 4, 5 ಕಿಲೋ. ಹಾಲು 4, 5, 5, 7, 9 ಲೀಟರ್. ಸರಾಸರಿ ಹಿಂಡಿ 3, ಹಾಲು 6. ಪ್ರತಿ ಹಸುವೂ ಸರಾಸರಿಯಿಂದ ಎಷ್ಟು ದೂರ ಎಂದು ಬರೆದಳು. ಎರಡು ದೂರಗಳನ್ನು ಗುಣಿಸಿ ಕೂಡಿದಾಗ 12. ಹಿಂಡಿಯ ದೂರದ ವರ್ಗ ಕೂಡಿದಾಗ 10. ಭಾಗಿಸಿದರೆ 1.2. ಅಂದರೆ ಒಂದು ಕಿಲೋ ಹಿಂಡಿ ಜಾಸ್ತಿ ಇದ್ದ ಕಡೆ ಹಾಲು ಸರಾಸರಿ 1.2 ಲೀಟರ್ ಜಾಸ್ತಿ. ಇದನ್ನೇ ಗ್ರಾಫಿನಲ್ಲಿ ಗೆರೆಯಾಗಿ ಎಳೆದರೆ, ಹಿಂಡಿ ಸೊನ್ನೆ ಇರುವ ಕಡೆ ಅದು ಶುರುವಾಗುವುದು 2.4ರಿಂದ (6 − 1.2 × 3). ಗೆರೆಗೂ ನಿಜವಾದ ಹಾಲಿಗೂ ಇರುವ ವ್ಯತ್ಯಾಸಗಳ ವರ್ಗ ಕೂಡಿದರೆ 1.6.

ಅವಳೇ ಇನ್ನೊಂದು ಗೆರೆ ಎಳೆದಳು. 3ರಿಂದ ಶುರು, ಕಿಲೋಗೆ 1 ಲೀಟರ್. ಹಸುಗಳ ಐದು ಚುಕ್ಕಿಗಳಲ್ಲಿ ಮೂರರ ಮೇಲೇ ಅದು ಹಾದುಹೋಯಿತು. ಆದರೂ ವ್ಯತ್ಯಾಸಗಳ ವರ್ಗದ ಮೊತ್ತ 2 ಬಂತು, ಮೊದಲ ಗೆರೆಯ 1.6ಕ್ಕಿಂತ ಜಾಸ್ತಿ. ಈ ಮೊತ್ತ ಅತಿ ಕಡಿಮೆ ಬರುವ ಗೆರೆಯನ್ನು ಹುಡುಕುವುದೇ ಕನಿಷ್ಠ ವರ್ಗ ವಿಧಾನ. "ಓ, ಕನಿಷ್ಠ ವರ್ಗ ಅಂದ್ರೆ ಇದೇನಾ?" ಎಂದಳು.

ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತಳು. "ಆದ್ರೆ ಮೇಡಂ, ಜಾಸ್ತಿ ಹಾಲು ಕೊಡೋ ಹಸುಗೇ ಅಲ್ವಾ ನಾವು ಜಾಸ್ತಿ ಹಿಂಡಿ ಹಾಕೋದು?"

ನನಗೆ ನಿಜಕ್ಕೂ ಖುಷಿಯಾಯಿತು. ಯಾವುದರಿಂದ ಯಾವುದು ಎಂಬ ಈ ಪ್ರಶ್ನೆಯೇ ಇಕನಾಮೆಟ್ರಿಕ್ಸಿನ ದೊಡ್ಡ ತಲೆನೋವು. ಪುಸ್ತಕದಲ್ಲಿ ಇದು ಎಂಡೋಜೆನಿಟಿ ಎಂಬ ಹೆಸರಲ್ಲಿ ಎಷ್ಟೋ ಅಧ್ಯಾಯ ಆದ ಮೇಲೆ ಬರುತ್ತದೆ. ಅವಳಿಗೆ ಅದು ಕೊಟ್ಟಿಗೆಯಲ್ಲೇ ಗೊತ್ತಿತ್ತು.

ಕೊಟ್ಟ ಸಲಹೆ ಇಷ್ಟು. ಕೋರ್ಸ್ ಬಿಡುವ ಮಾತು ಒಂದು ತಿಂಗಳು ಬೇಡ. ಸಿಗ್ಮಾ ಕಂಡಾಗಲೆಲ್ಲ "ಎಲ್ಲ ಕೂಡು" ಎಂದು ಬಾಯಿಬಿಟ್ಟು ಓದು. ಹದಿನೈದು ದಿನ ಸರಾಸರಿ, ವರ್ಗ, ಸರಳರೇಖೆಯ ಇಳಿಜಾರು, ಲಾಗ್ (ಲಾಗರಿದಮ್) ಮಾತ್ರ. ಇಂಥ ಲೆಕ್ಕ ಮಾಡುವ ಗ್ರೆಟ್ಲ್ ತಂತ್ರಾಂಶ ಉಚಿತ. ಆದರೆ ಮೊದಲು ಕೈಲಿ ಮಾಡು, ಆಮೇಲೆ ಅದರಲ್ಲಿ ಹಾಕಿ ಉತ್ತರ ತಾಳೆ ನೋಡು. ಸೂತ್ರ ಹೇಗೆ ಬಂತು ಎಂದು ತೋರಿಸಲು ಕ್ಯಾಲ್ಕುಲಸ್ ಬೇಕು. ಪರೀಕ್ಷೆಯಲ್ಲಿ ಕೇಳುತ್ತಾರೆ, ತಪ್ಪಿಸಿಕೊಳ್ಳಲು ಆಗಲ್ಲ. ಅದನ್ನು ಮೇಷ್ಟ್ರ ಹತ್ತಿರ ಹೋಗಿ, ಒಂದೊಂದು ಸಾಲಾಗಿ ಕೇಳು.

ತಿಂಗಳಾದ ಮೇಲೆ ಬಂದಳು. ಹೊಟ್ಟೆನೋವು ಕಡಿಮೆಯಾಗಿದೆ. ಇಂಟರ್ನಲ್ಸ್‌ನಲ್ಲಿ ಲೆಕ್ಕ ಪೂರ್ತಿ ಮಾಡಿದ್ದಾಳೆ, ಡೆರಿವೇಶನ್ (ಸೂತ್ರ ಹೇಗೆ ಬಂತು ಎಂದು ತೋರಿಸುವುದು) ಅರ್ಧಕ್ಕೆ ಬಿಟ್ಟಿದ್ದಾಳೆ. ಲಾಗ್ ಇನ್ನೂ ಕಷ್ಟ. ಈಗ ಶನಿವಾರ ಶನಿವಾರ ಹಾಸ್ಟೆಲಿನ ಗೆಳತಿಯ ಜೊತೆ ಕೂತು ಆ ಉಳಿದ ಅರ್ಧ ಮಾಡುತ್ತಿದ್ದಾಳೆ.