ಬ್ಲೋವರ್ ತೆಗೆದು ಸ್ಪಂಜು ರಿಯಾಕ್ಟರ್ ಹಾಕುವುದಾದರೆ ಯಾವ ಸ್ಪಂಜು ಒಳ್ಳೆಯದು?

ಕರೆಂಟ್ ಬಿಲ್ ತಡೆಯಲಾರದೆ ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕದ) ಬ್ಲೋವರ್, ಅಂದರೆ ಟ್ಯಾಂಕಿಗೆ ಗಾಳಿ ಊದುವ ಯಂತ್ರ, ನಿಲ್ಲಿಸಬೇಕು ಅಂದಿದ್ದೀರಿ. ನಾನು ನೋಡಿಕೊಳ್ಳುತ್ತಿದ್ದ ಸಣ್ಣ ಎಸ್‌ಟಿಪಿಯಲ್ಲೂ ಇದೇ ಕಾರಣಕ್ಕೆ ಡಿಎಚ್‌ಎಸ್ ಹಾಕಿದೆವು. ಅಂದರೆ ಸ್ಪಂಜಿನ ತುಂಡುಗಳ ಮೇಲೆ ಕೊಳಚೆ ನೀರನ್ನು ತೊಟ್ಟಿಕ್ಕಿಸುವ ಪದ್ಧತಿ. ಸ್ಪಂಜಿನೊಳಗೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ನೀರು ಇಳಿಯುತ್ತಾ ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ.

ನೀರೇನೋ ತಿಳಿಯಾಗಿ ಬಂತು, ಅಮೋನಿಯಾ ಮಾತ್ರ ಇಳಿಯಲಿಲ್ಲ. ನಿಮ್ಮ ಹಾಗೇ ನಾವೂ ಎಲ್ಲಾ ಸ್ಪಂಜಿನಲ್ಲೇ ಇದೆ ಅಂದುಕೊಂಡು ಅಷ್ಟೂ ಸ್ಪಂಜು ಬದಲಿಸಿದೆವು. ಮತ್ತೆ ಅದೇ ರಿಪೋರ್ಟ್.

ತಪ್ಪು ಇದ್ದದ್ದು ಮೇಲಿನ ಪೈಪಿನಲ್ಲಿ. ತೂತು ಕೊರೆದ ಒಂದೇ ಪೈಪಿನಿಂದ ನೀರು ಬಿಡುತ್ತಿದ್ದೆವು. ಕೂದಲು, ಲೋಳೆ ಸೇರಿ ತುದಿಯ ತೂತುಗಳು ಕಟ್ಟಿಕೊಂಡಿದ್ದವು. ಪಕ್ಕದ ಹಲಗೆ ಬಿಚ್ಚಿದರೆ ಮೂಲೆಯ ಸ್ಪಂಜುಗಳು ಒಣಗಿವೆ, ನಡುವಿನವು ಕಪ್ಪಾಗಿ ನಾರುತ್ತಿವೆ. ಸರಿಯಾಗಿ ನಡೆಯುವ ರಿಯಾಕ್ಟರಿನಲ್ಲಿ ಹೆಚ್ಚಿನ ಕೊಳೆ ಮೇಲಿನ ಭಾಗದಲ್ಲೇ ಮುಗಿಯುತ್ತದೆ. ಕೆಳಗೆ ಕೊಳೆ ಕಡಿಮೆ, ಆಮ್ಲಜನಕ ಜಾಸ್ತಿ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರುವುದು ಅಲ್ಲಿ. ಎಲ್ಲಾ ನೀರೂ ಕೆಲವೇ ಸ್ಪಂಜುಗಳ ಮೂಲಕ ಇಳಿದರೆ ಕೊಳೆ ತಳದವರೆಗೂ ಹೋಗುತ್ತದೆ. ಕೊಳೆ ತಿನ್ನುವವು ಅಲ್ಲಿನ ಆಮ್ಲಜನಕವನ್ನೂ ಮುಗಿಸುತ್ತವೆ. ನೈಟ್ರೇಟ್ ಮಾಡುವವು ಬೆಳೆಯುವುದೇ ಬಹಳ ನಿಧಾನ. ಅಲ್ಲಲ್ಲಿ ಉಳಿದಿದ್ದ ಅವನ್ನೂ ಹಳೆ ಸ್ಪಂಜಿನ ಜೊತೆ ಎಸೆದಿದ್ದೆವು! ಹೊಸ ಸ್ಪಂಜಿನ ದುಡ್ಡೂ ದಂಡ, ಮತ್ತೆ ಮೊದಲಿನಿಂದ ಬೆಳೆಸುವ ಕಾಲವೂ ದಂಡ.

ಆಮೇಲೆ ಪೈಪ್ ಕಿತ್ತು ಅಂಚಿನಲ್ಲಿ ಕಚ್ಚು ಇರುವ ತೆರೆದ ದೋಣಿಗಳನ್ನು (ನೀರು ಹರಿಯುವ ಉದ್ದನೆಯ ತೊಟ್ಟಿಗಳನ್ನು) ಇಟ್ಟೆವು, ಅದಕ್ಕೂ ಮುಂಚೆ ಸಣ್ಣ ಕಣ್ಣಿನ ಜಾಲರಿ. ದೋಣಿ ಕಟ್ಟಿಕೊಂಡರೆ ಕಣ್ಣಿಗೆ ಕಾಣುತ್ತದೆ, ಬ್ರಷ್ ಹಾಕಿ ಉಜ್ಜಿದರೆ ಮುಗಿಯಿತು. ಅಮೋನಿಯಾ ಇಳಿದದ್ದು ಇಷ್ಟಕ್ಕೇ.

ಹಾಗಾಗಿ ಯಾವ ಸ್ಪಂಜು ಅನ್ನೋ ಪ್ರಶ್ನೆಯನ್ನೇ ಬಿಡಿ. ಪಾಲಿಯುರೆಥೇನ್ ಸ್ಪಂಜಿನಲ್ಲಿ 90%ಗಿಂತ ಜಾಸ್ತಿ ಖಾಲಿ ಜಾಗವೇ ಇರುತ್ತದೆ, ಅಷ್ಟು ಸಾಕು. ನೀರು ಹೀರಿ ಕುಸಿಯದ ಹಾಗೆ ಪ್ಲಾಸ್ಟಿಕ್ ಬಲೆಯ ಕವಚ ಇರಲಿ. ಕೆಳಗಿನ ಗಾಳಿಕಿಂಡಿ ಮುಚ್ಚಬೇಡಿ.

ಬ್ಲೋವರ್ ತೆಗೆದ ಜಾಗಕ್ಕೆ ಸ್ಪಂಜು ತುಂಬಿದರೆ ಆಯ್ತು ಅಂದುಕೊಂಡಿದ್ದೀರಿ, ಅದೂ ಆಗದು. ಈ ಪದ್ಧತಿ ಹುಟ್ಟಿದ್ದು 1990ರ ದಶಕದ ಜಪಾನಿನಲ್ಲಿ, ಯುಎಎಸ್‌ಬಿ ಟ್ಯಾಂಕಿನಿಂದ (ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಕೊಳೆ ತಿನ್ನುವ ಟ್ಯಾಂಕ್) ಹೊರಬರುವ ನೀರನ್ನು ಇನ್ನಷ್ಟು ಶುದ್ಧ ಮಾಡಲು. ಹರಿಯಾಣದ ಕರ್ನಾಲ್‌ನಲ್ಲಿ ದಿನಕ್ಕೆ 1000 ಘನ ಮೀಟರಿನ ಘಟಕ ಕಟ್ಟಿದಾಗಲೂ ಅದು ಯುಎಎಸ್‌ಬಿ ಆದಮೇಲೆಯೇ. ಕಡೇಪಕ್ಷ ಒಳ್ಳೆಯ ಸೆಟ್ಲಿಂಗ್ ಟ್ಯಾಂಕ್ (ಕೊಳೆ ತಳಕ್ಕೆ ಕೂರುವ ಟ್ಯಾಂಕ್) ಮತ್ತು ಎಣ್ಣೆ ಜಿಡ್ಡು ತಡೆಯುವ ತೊಟ್ಟಿ ಇಲ್ಲದೆ ಕೈಹಾಕಲೇಬೇಡಿ. ನೀರು ಮೇಲೆತ್ತುವ ಪಂಪಿಗೆ ಕರೆಂಟ್ ಬೇಕೇ ಬೇಕು, ಆದರೂ ಬ್ಲೋವರ್‌ಗೆ ಹೋಲಿಸಿದರೆ ಬಹಳ ಕಡಿಮೆ. ನಿಮ್ಮಲ್ಲಿ ಸೆಟ್ಲಿಂಗ್ ಟ್ಯಾಂಕ್ ಎಷ್ಟು ದೊಡ್ಡದಿದೆ, ಅಡುಗೆಮನೆ ನೀರು ಅದಕ್ಕೇ ಬರುತ್ತಾ? ಕಾಮೆಂಟಿನಲ್ಲಿ ಹೇಳಿ, ಮುಂದಿನದು ಮಾತಾಡೋಣ.