ಬಾಣಂತನ ಒಂದೇ ಸಾಲಲ್ಲಿ ಮುಗಿಸ್ಬಿಟ್ರಲ್ಲ!

ನಮಸ್ಕಾರ ಮೇಡಂ, ನಿಮ್ಮ ಕತೆ ಓದ್ದೆ. ಈಗಿರೋ ಹಾಗೆ ನಮ್ಮ ಪತ್ರಿಕೇಲಿ ಹಾಕೋಕಾಗಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ವಾಪಸ್ ಕಳ್ಸಿ ಸುಮ್ನಾಗೋಕೂ ಮನಸ್ಸು ಬರ್ಲಿಲ್ಲ.

ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೇಲಿ (ಕೂಲಿಯೋರಿಗೆ ಸಾಲಾಗಿ ಕಟ್ಟಿರೋ ಮನೆ) ಅಕ್ಕಪಕ್ಕ ಇರೋ ಇಬ್ರು ಹುಡುಗೀರು. ಪಾರ್ವತಿಗೆ ವರ್ಷದ ಮಗು, ಸುಧಾ ಕಡೂರಿಂದ ಪ್ರೀತಿಸಿ ಓಡಿಬಂದೋಳು, ತವರಿನೋರು ಮಾತೇ ಬಿಟ್ಟಿದಾರೆ, ಈಗ ತುಂಬು ಬಸುರಿ. ಒಳ್ಳೆ ಜೋಡಿ. ಆದ್ರೆ ನೀವು ಮಂಜು, ಬೆಟ್ಟ, ಕಾಫಿ ಹೂವಿನ ಘಮ ಅಂತ ಮೂರು ಪುಟ ಬರ್ದು, "ಪಾರ್ವತಿಯೇ ಅವಳ ಬಾಣಂತನ ಮಾಡಿದಳು" ಅಂತ ಒಂದೇ ಸಾಲಲ್ಲಿ ಮುಂದೆ ಹೋಗ್ಬಿಟ್ರಿ. ಅಲ್ಲಾರೀ, ಕತೆ ಇರೋದೇ ಅಲ್ಲಿ!

ಬಾಣಂತನ ಅಂದ್ರೆ ನಮ್ಮಲ್ಲಿ ತವರಿನ ಕೆಲ್ಸ. ಅದನ್ನ ಇಪ್ಪತ್ತೆರಡು ವರ್ಷದ ಹುಡುಗಿ, ಯಾವ ಸಂಬಂಧನೂ ಇಲ್ದೋಳು, ಮೈಮೇಲೆ ಹಾಕ್ಕೊಂಡಿದಾಳೆ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಹಸಿ ಕೂಸನ್ನ ಕಾಲ್ಮೇಲೆ ಮಲಗಿಸ್ಕೊಂಡು ನೀರು ಹುಯ್ಯೋವಾಗ ಅದು ಜಾರುತ್ತೆ, ಅವಳ ಕೈ ನಡುಗಲ್ವಾ, ಹೊರಗಡೆ ಅವಳದ್ದೇ ಮಗು ಬಾಗ್ಲು ಬಡೀತಾ ಅಳ್ತಿರುತ್ತಲ್ಲ ಆಗ ಏನ್ಮಾಡ್ತಾಳೆ? ಸುಧಾ ಹೊಟ್ಟೆಗೆ ಸುತ್ತೋಕೆ ಹಳೇ ಕಾಟನ್ ಸೀರೆ ಯಾರ್ದು? ಬಾಣಂತಿ ಜಾಸ್ತಿ ನೀರು ಕುಡೀಬಾರ್ದು ಅಂತ ಪಾರ್ವತಿ ಲೋಟ ಕಿತ್ಕೋತಾಳೆ, ಚೆನ್ನಾಗಿ ಕುಡೀಬೇಕು ಅಂತ ಆಶಾ ಕಾರ್ಯಕರ್ತೆ ಹೇಳಿದಾರೆ ಅಂತ ಸುಧಾ (ಆಶಾ ಹೇಳಿದ್ದೇ ಸರಿ), ಜಗಳ ಆಗ್ಲೇಬೇಕು. ನಿಮ್ಮ ಕತೇಲಿ ಇವ್ರು ಒಂದ್ಸಲನೂ ಕಿತ್ತಾಡಲ್ಲ. ಅಕ್ಕತಂಗೀರ ಥರ ಇದ್ರು ಅಂತ ಐದ್ಕಡೆ ಬರ್ದಿದೀರ, ಯಾವೂರಲ್ರೀ ಅಕ್ಕತಂಗೀರು ಜಗಳ ಆಡ್ದೆ ಇರೋದು?

ಇನ್ನೊಂದು, ದುಡ್ಡು. ಕುಯ್ಲು ಟೈಮಲ್ಲಿ ಎಷ್ಟೋ ಕಡೆ ಕೇಜಿ ಲೆಕ್ಕದ ಕೂಲಿ, ವರ್ಷದಲ್ಲಿ ನಾಲ್ಕು ಕಾಸು ಕಾಣೋದೇ ಆಗ. ಆ ದಿನ ಪಾರ್ವತಿ ಮನೇಲಿ ಕೂತ್ರೆ ಅವಳ ಗಂಡ ಏನಂತಾನೆ? 1951ರ ಪ್ಲಾಂಟೇಷನ್ ಲೇಬರ್ ಆಕ್ಟಲ್ಲೇ 50 ಜನ ಹೆಂಗಸ್ರು ಕೆಲ್ಸ ಮಾಡೋ ತೋಟದಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಜಾಗ ಇರ್ಬೇಕು ಅಂತ ಇತ್ತು, ನಿಮ್ಮ ತೋಟದಲ್ಲಿ ಹತ್ತು ಹನ್ನೆರಡು ಜನ ಅಷ್ಟೇ, ಆ ರೂಲು ಇವ್ರಿಗೆ ತಾಗೋದೇ ಇಲ್ಲ. ಹಂಗಾಗಿ ಒಬ್ಳು ಕುಯ್ದ್ರೆ ಒಬ್ಳು ಮಕ್ಕಳನ್ನ ನೋಡ್ಬೇಕು. ಇವ್ರ ಸ್ನೇಹ ಹುಟ್ಟಿದ್ದು ಒಳ್ಳೆತನದಿಂದ ಮಾತ್ರ ಅಲ್ಲ, ಬೇರೆ ದಾರಿ ಇಲ್ದೆ. ಅದನ್ನ ಬರೆಯೋಕೆ ಯಾಕೆ ಸಂಕೋಚ?

ಸಣ್ಣ ತಪ್ಪುಗಳು: ತೋಟದ ತುಂಬಾ ಹೂವು ಬಿಟ್ಟಿರೋವಾಗ್ಲೇ ಜೋರು ಕುಯ್ಲು ನಡೀತಿದೆ. ಅಕಾಲಿಕ ಮಳೆ ಬಂದ್ರೆ ರೋಬಸ್ಟಾ ಜಾತಿ ಕಾಫೀಲಿ ಹಂಗಾಗೋದುಂಟು, ಆದ್ರೆ ಆಗ ಹೂವು ಹಾಳಾಗುತ್ತೆ ಅಂತ ಕುಯ್ಲು ನಿಲ್ಲಿಸ್ತಾರೆ. ಮಗುಗೆ ಒಂಬತ್ತು ತಿಂಗಳಿಗೆ ಪೆಂಟಾ ಅಂತ ಬರ್ದಿದೀರ; ಪೆಂಟಾ (ಐದು ರೋಗಕ್ಕೆ ಒಂದೇ ಚುಚ್ಚುಮದ್ದು) 6, 10, 14 ವಾರಕ್ಕೆ, ಒಂಬತ್ತು ತಿಂಗಳಿಗೆ ಹಾಕೋದು ದಡಾರದ್ದು.

ಸುಧಾಳ "ತಾಯಿ ಕಾರ್ಡು" (ಬಸುರಿ ಬಾಣಂತೀರ ತಪಾಸಣೆ ಬರೆಯೋ ಆಸ್ಪತ್ರೆ ಕಾರ್ಡು) ಪಾರ್ವತಿ ಟ್ರಂಕಲ್ಲಿ ಇರುತ್ತೆ, ಸುಧಾ ಗಂಡ ಕುಡ್ದು ಬಂದಾಗ ಕಾಗದಪತ್ರ ಹರೀತಾನೆ ಅಂತ. ಅದೊಂದು ಪ್ಯಾರಾ ಮುಟ್ಬೇಡಿ, ಒಂದಕ್ಷರನೂ. ಅಲ್ಲಿ ನೀವು ಸ್ನೇಹ, ಪ್ರೀತಿ ಅಂತ ಏನೂ ಹೇಳಿಲ್ಲ, ಅದಕ್ಕೇ ಅದು ನಿಂತಿದೆ.

ಕೊನೇಲಿ ಪಾರ್ವತಿನ ಆನೆ ತುಳಿದು ಸಾಯ್ಸಿದೀರ. ಆ ಭಾಗದಲ್ಲಿ ಆನೆ ಕಾಟ ನಿಜಾನೇ, ಜನ ಸತ್ತಿದಾರೆ, ಆದ್ರೆ ನಿಮ್ಮ ಆನೆ ಕತೆ ಮುಗಿಸೋಕಂತಲೇ ಕೊನೇ ಪುಟಕ್ಕೆ ಬಂದಿದೆ, ಅಲ್ಲಿವರ್ಗೂ ಒಂದು ಲದ್ದಿನೂ ಕಾಣ್ಲಿಲ್ಲ! ತೆಗೀರಿ ಅದನ್ನ. ಬದ್ಲಿಗೆ ಗೌರಿ ಹಬ್ಬ ತನ್ನಿ. ತವರಿಂದ ಬಾಗಿನ ಬರೋ ಹಬ್ಬ, ಸುಧಾಗೆ ಯಾರೂ ಕಳ್ಸಲ್ಲ, ಪಾರ್ವತಿ ಕೊಡ್ತಾಳೋ ಬಿಡ್ತಾಳೋ, ಕೊಟ್ರೆ ಸುಧಾ ತಗೋತಾಳೋ ಇಲ್ಲ "ನೀನ್ಯಾರೇ ಕೊಡೋಕೆ" ಅಂತ ಮುಖ ತಿರುಗಿಸ್ತಾಳೋ, ಅದು ನಿಮ್ಗೇ ಗೊತ್ತಿರ್ಬೇಕು.

ಅವಸರ ಇಲ್ಲ, ತಿದ್ದಿ ಕಳ್ಸಿ, ಎಂಟು ಪುಟ ದಾಟದೆ ಇರ್ಲಿ. ಪಿಡಿಎಫ್ ಬೇಡ, ಯೂನಿಕೋಡಲ್ಲೇ ಟೈಪ್ ಮಾಡಿ.